ನುಡಿನಮನದಲ್ಲಿ ಕೊಟ್ಟ ಮಾತು, ಕಡತದಲ್ಲಿ ಸಿಕ್ಕಿಕೊಂಡ ಪ್ರತಿಮೆ

ನಾಯಕರೊಬ್ಬರು ತೀರಿಕೊಂಡ ಹನ್ನೊಂದನೇ ದಿನಕ್ಕೋ ಹದಿಮೂರನೇ ದಿನಕ್ಕೋ ನುಡಿನಮನ ನಡೆಯುತ್ತದೆ. ಶಾಮಿಯಾನ, ಹಾರ ಹಾಕಿದ ಆಳೆತ್ತರದ ಭಾವಚಿತ್ರ, ಮುಂದಿನ ಸಾಲಿನಲ್ಲಿ ಎಲ್ಲ ಪಕ್ಷದವರು. ಭಾಷಣಗಳು ಮುಗಿಯುವಷ್ಟರಲ್ಲಿ ಮೂರು ನಾಲ್ಕು ಘೋಷಣೆ ಬಂದಿರುತ್ತವೆ: ಊರಿನ ಮುಖ್ಯ ವೃತ್ತದಲ್ಲಿ ಪ್ರತಿಮೆ, ಒಂದು ರಸ್ತೆಗೆ ಹೆಸರು, ಕಾಲೇಜಿಗೋ ಕ್ರೀಡಾಂಗಣಕ್ಕೋ ಹೆಸರು, ಸಾಧ್ಯವಾದರೆ ಸ್ಮಾರಕ ಭವನ. ಮಾರನೇ ದಿನ ಜಿಲ್ಲಾ ಪುಟದ ತಲೆಬರಹವೂ ಅದೇ. ಕೆಲವು ತಿಂಗಳಾದ ಮೇಲೆ ಅದೇ ಪುಟದಲ್ಲಿ ಬೇರೆ ಸುದ್ದಿ ಬರುತ್ತದೆ. ವೃತ್ತದಲ್ಲಿ ರಾತ್ರೋರಾತ್ರಿ ಎದ್ದ ಪೀಠವನ್ನು ಪೊಲೀಸ್ ಬಂದೋಬಸ್ತಿನಲ್ಲಿ ತೆರವು ಮಾಡಿದರು, ಅಭಿಮಾನಿಗಳು ಧರಣಿ ಕೂತರು, ಸುಪ್ರೀಂ ಕೋರ್ಟ್ ಆದೇಶವಿದೆ ಎಂದು ಅಧಿಕಾರಿಗಳು ಸಮಜಾಯಿಷಿ ಕೊಟ್ಟರು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಯಾವ ತಾಲ್ಲೂಕು ಕೇಂದ್ರದ ಓದುಗರಿಗೂ ಈ ಕತೆ ಹೊಸದಲ್ಲ. ಆದರೆ ಪ್ರತಿ ಸಲವೂ ಗೊಂದಲ ಹೊಸದಾಗಿಯೇ ಹುಟ್ಟುತ್ತದೆ. ಎಲ್ಲ ಪಕ್ಷದವರೂ ಒಪ್ಪಿದ ಗೌರವಕ್ಕೆ ಅಡ್ಡ ಬಂದವರು ಯಾರು? ಪಕ್ಕದ ವೃತ್ತದಲ್ಲಿ ಪ್ರತಿಮೆ ಇದೆಯಲ್ಲ, ಇಲ್ಲಿ ಯಾಕಾಗದು? ಒಬ್ಬರಿಗೆ ಬಾವುಟ ಹೊದಿಸಿದರು, ಇನ್ನೊಬ್ಬರಿಗೆ ಹೊದಿಸಲಿಲ್ಲ, ಇದಕ್ಕೆ ಲೆಕ್ಕವೇನು?

ಉತ್ತರ ಒಂದೇ ಕಡೆ ಸಿಗುವುದಿಲ್ಲ. ಅಗಲಿದ ಜನಪ್ರತಿನಿಧಿಗೆ ಸಲ್ಲುವ ಒಂದೊಂದು ಗೌರವಕ್ಕೂ ಒಬ್ಬೊಬ್ಬ ಯಜಮಾನ. ಅಂತ್ಯಕ್ರಿಯೆಯದ್ದು ರಾಜ್ಯ ಸರ್ಕಾರದ ಕೈಯಲ್ಲಿ, ರಸ್ತೆಯ ಹೆಸರು ಸ್ಥಳೀಯ ಸಂಸ್ಥೆಯ ಕೈಯಲ್ಲಿ, ರೈಲು ನಿಲ್ದಾಣದ್ದು ದೆಹಲಿಯಲ್ಲಿ, ವೃತ್ತದ್ದು ನ್ಯಾಯಾಲಯದ ನೆರಳಿನಲ್ಲಿ. ವೇದಿಕೆಯ ಮೇಲೆ ನಿಂತು ಘೋಷಿಸುವವರಿಗೆ ಇವುಗಳಲ್ಲಿ ಎಷ್ಟನ್ನು ಕೊಡುವ ಅಧಿಕಾರವಿದೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಕಾನೂನು ಮಾತಾಡಿದರೆ ಕೆಟ್ಟವರಾಗುತ್ತೇವೆ ಎಂಬ ಅಳುಕು.

ಬಾವುಟ, ರಜೆ, ಸಂತಾಪ

ಸಕಲ ಸರ್ಕಾರಿ ಗೌರವದ ಅಂತ್ಯಸಂಸ್ಕಾರ ಯಾವ ಶಾಸಕರ ಹಕ್ಕೂ ಅಲ್ಲ. ರಾಜ್ಯ ಸರ್ಕಾರ ತನ್ನ ವಿವೇಚನೆಯಿಂದ ಕೊಡುವಂಥದ್ದು. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಸರ್ಕಾರಿ ಅಂತ್ಯಕ್ರಿಯೆ ಮತ್ತು ಸಶಸ್ತ್ರ ಪಡೆ, ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟು ಬೇರೆಲ್ಲೂ ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ಹಾಗಾಗಿ ಊರಿನವರು ಪ್ರೀತಿಯಿಂದ ತಾವೇ ಬಾವುಟ ತಂದು ಹೊದಿಸಿದರೆ ಅದು ಗೌರವವಲ್ಲ, ಅಪರಾಧ. ಸರ್ಕಾರ ಹೊದಿಸಿದರೂ ಕೇಸರಿ ಪಟ್ಟಿ ತಲೆಯ ಕಡೆ ಬರಬೇಕು, ಚಿತೆಗೋ ಗುಂಡಿಗೋ ಇಳಿಸುವ ಮೊದಲು ತೆಗೆಯಬೇಕು.

ಹುದ್ದೆಯೇ ಅಳತೆಗೋಲು ಎಂದುಕೊಂಡವರಿಗೆ ತುಮಕೂರಿನಲ್ಲೇ ಎದುರು ನಿದರ್ಶನವಿದೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಸರ್ಕಾರ ಮೂರು ದಿನದ ಶೋಕಾಚರಣೆ ಘೋಷಿಸಿತು, ಮಾರನೇ ದಿನ ರಜೆ ಕೊಟ್ಟಿತು, ಸರ್ಕಾರಿ ಗೌರವ ಸಲ್ಲಿಸಿತು. ಅವರು ಒಂದು ದಿನವೂ ಶಾಸಕರಾಗಿದ್ದವರಲ್ಲ. 2024ರ ಡಿಸೆಂಬರಿನಲ್ಲಿ ಎಸ್.ಎಂ. ಕೃಷ್ಣ ತೀರಿಕೊಂಡಾಗಲೂ ಶೋಕಾಚರಣೆ, ರಜೆ ಎರಡೂ ಇದ್ದವು. ಅವರು ಮುಖ್ಯಮಂತ್ರಿಯಾಗಿದ್ದವರು. ಒಂದು ಸಲ, ಎರಡು ಸಲ ಗೆದ್ದು ಹಳ್ಳಿಗೆ ಮರಳಿದ ಮಾಜಿ ಶಾಸಕರ ಮಟ್ಟಿಗೆ ಹೀಗೆಂದೇ ಹೇಳಲಾಗದು. ಅಂದಿನ ಸರ್ಕಾರ ಯಾರದು, ಜಿಲ್ಲಾ ಉಸ್ತುವಾರಿ ಸಚಿವರು ಫೋನ್ ಎತ್ತಿದರೇ ಎಂಬುದರ ಮೇಲೂ ಸಂಗತಿ ನಿಂತಿರುತ್ತದೆ. ವಿವೇಚನೆ ಎಂಬ ಪದದ ಒಳಗೆ ಇಷ್ಟೆಲ್ಲ ಅಡಗಿದೆ.

ಪಕ್ಷ, ಹಣ, ಜಾತಿ ನೋಡದೆ ಸಿಗುವ ಗೌರವ ಒಂದಿದೆ, ಅದಕ್ಕೆ ಮಾತ್ರ ತಲೆಬರಹ ಸಿಗುವುದಿಲ್ಲ. ವಿಧಾನಮಂಡಲದ ಅಧಿವೇಶನ ಶುರುವಾದಾಗ ಓದುವ ಸಂತಾಪ ಸೂಚನೆ. ಹಾಲಿ ಸದಸ್ಯರಿರಲಿ, ಎಂದೋ ಸೋತು ಮನೆಯಲ್ಲಿದ್ದವರಿರಲಿ, ಹೆಸರು, ಹುಟ್ಟಿದ ಊರು, ಗೆದ್ದ ಕ್ಷೇತ್ರ, ಮಾಡಿದ ಕೆಲಸ ಸದನದ ನಡವಳಿಯಲ್ಲಿ ದಾಖಲಾಗುತ್ತದೆ. ಬಾಗೇಪಲ್ಲಿಯಿಂದ 1994 ಮತ್ತು 2004ರಲ್ಲಿ ಸಿಪಿಎಂನ ಕೆಂಪು ಬಾವುಟ ಹಿಡಿದು ಗೆದ್ದ ಜಿ.ವಿ. ಶ್ರೀರಾಮರೆಡ್ಡಿ 2022ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರು ಶಾಸಕರಾಗಿರಲಿಲ್ಲ, ಕೊನೆಯ ವರ್ಷಗಳಲ್ಲಿ ತಮ್ಮ ಹಳೆಯ ಪಕ್ಷದಲ್ಲೂ ಇರಲಿಲ್ಲ. ಅಂಥವರ ಬದುಕನ್ನು ಹುಡುಕಿ ಓದಬೇಕೆನ್ನುವವರಿಗೆ ಆ ನಡವಳಿಯ ಪುಟಗಳು ಯಾವ ಫಲಕಕ್ಕಿಂತ ಹೆಚ್ಚು ಹೇಳುತ್ತವೆ.

ನೆಯ್ಯಾಟ್ಟಿಂಕರದ ತ್ರಿಕೋನ

ಈಗ ಜಗಳದ ಮೂಲಕ್ಕೆ ಬರೋಣ. ಅಧಿಕಾರಿಗಳು ಪದೇ ಪದೇ ಹೇಳುವ ಆ ಸುಪ್ರೀಂ ಕೋರ್ಟ್ ಆದೇಶ 2013ರ ಜನವರಿ 18ರದ್ದು. ಅದು ಹುಟ್ಟಿದ ಸಂದರ್ಭ ನಮ್ಮ ಚರ್ಚೆಗೆ ಎಷ್ಟು ಹತ್ತಿರದ್ದೆಂದರೆ, ಅಲ್ಲಿಯೂ ವಿವಾದ ಇದ್ದದ್ದು ಅಗಲಿದ ಜನಪ್ರತಿನಿಧಿಯೊಬ್ಬರ ಪ್ರತಿಮೆಯದೇ. ಕೇರಳದ ನೆಯ್ಯಾಟ್ಟಿಂಕರದಲ್ಲಿ ರಾಷ್ಟ್ರೀಯ ಹೆದ್ದಾರಿ ಮತ್ತು ಪೂವಾರ್ ರಸ್ತೆ ಕೂಡುವ ಕಡೆ ಒಂದು ತ್ರಿಕೋನದ ಜಾಗವಿದೆ. ಅಲ್ಲಿ ಕಾಂಗ್ರೆಸ್ಸಿನ ಮಾಜಿ ಶಾಸಕ ಎನ್. ಸುಂದರನ್ ನಾಡಾರ್ ಅವರ ಪ್ರತಿಮೆ ಇಡಲು ಕೇರಳ ಸರ್ಕಾರ ಅನುಮತಿ ಕೊಟ್ಟಿತ್ತು. ಕೋರ್ಟ್ ಅದನ್ನು ತಡೆದದ್ದಷ್ಟೇ ಅಲ್ಲ, ಎಲ್ಲ ರಾಜ್ಯಗಳಿಗೂ ಅನ್ವಯಿಸುವಂತೆ ಹೇಳಿತು: ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಯಂಚು, ಸಾರ್ವಜನಿಕ ಉಪಯೋಗದ ಇತರ ಜಾಗಗಳಲ್ಲಿ ಇನ್ನು ಮುಂದೆ ಪ್ರತಿಮೆಗೆ, ಕಟ್ಟಡಕ್ಕೆ ಅನುಮತಿ ಕೊಡಬೇಡಿ.

ಇದು ಒಂಟಿಯಾಗಿ ಬಂದ ಆದೇಶವಲ್ಲ. ಗುಜರಾತಿನಲ್ಲಿ 2006ರಲ್ಲಿ ಸಾರ್ವಜನಿಕ ಜಾಗದಲ್ಲಿದ್ದ ಧಾರ್ಮಿಕ ಕಟ್ಟಡಗಳನ್ನು ತೆರವುಗೊಳಿಸುವ ವಿಷಯದಲ್ಲಿ ಶುರುವಾದ ಮೊಕದ್ದಮೆ ಅದು. ಅದರಲ್ಲೇ 2009ರ ಸೆಪ್ಟೆಂಬರ್ 29ರಂದು, ರಸ್ತೆ, ಉದ್ಯಾನ, ಸಾರ್ವಜನಿಕ ಜಾಗಗಳಲ್ಲಿ ಹೊಸದಾಗಿ ಅನಧಿಕೃತ ಗುಡಿ, ಮಸೀದಿ, ಚರ್ಚು, ಗುರುದ್ವಾರ ಏಳಕೂಡದು ಎಂಬ ಆದೇಶ ಬಂತು. 2013ರದ್ದು ಅದೇ ದಾರಿಯ ಮುಂದಿನ ಹೆಜ್ಜೆ, ದೇವರಿಂದ ಮನುಷ್ಯರಿಗೆ ಇಳಿದದ್ದು. 2018ರಲ್ಲಿ ಮೊಕದ್ದಮೆಯನ್ನು ಮುಗಿಸಿ, ಜಾರಿಯ ಉಸ್ತುವಾರಿಯನ್ನು ಆಯಾ ಹೈಕೋರ್ಟುಗಳಿಗೆ ಬಿಡಲಾಯಿತು.

ಕರ್ನಾಟಕದ ಓದುಗರಿಗೆ ಇನ್ನೊಂದು ಗೊಂದಲ ಇಲ್ಲಿ ಸೇರಿಕೊಂಡಿದೆ. 2021ರಲ್ಲಿ ನಂಜನಗೂಡಿನ ಹುಚ್ಚಗಣಿಯಲ್ಲಿ ದೇವಸ್ಥಾನ ಕೆಡವಿದ್ದು ದೊಡ್ಡ ಗಲಾಟೆಯಾದ ಬಳಿಕ ರಾಜ್ಯ ಸರ್ಕಾರ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆ ಕಾಯ್ದೆ ಮಾಡಿತು. ಆ ರಕ್ಷಣೆ ಪ್ರತಿಮೆಗಳಿಗೂ ಇದೆ ಎಂದು ಹಲವರು ನಂಬಿದ್ದಾರೆ. ಇಲ್ಲ. ಅದು ಧಾರ್ಮಿಕ ಕಟ್ಟಡಗಳಿಗೆ, ಅದೂ ಆಗಲೇ ಇದ್ದವಕ್ಕೆ.

ಹಾಗಾದರೆ ಹೊಸ ಪ್ರತಿಮೆಗಳು ಎದ್ದೇಳುತ್ತಲೇ ಇವೆಯಲ್ಲ? ಅದಕ್ಕೆ ಮೂರು ದಾರಿಗಳಿವೆ. ಒಂದು, ರಸ್ತೆ ಬಿಟ್ಟು ಬೇರೆ ಜಾಗ: ಸ್ವಂತ ನಿವೇಶನ, ಟ್ರಸ್ಟಿನ ಆವರಣ, ಸ್ಮಾರಕಕ್ಕೆಂದೇ ಮೀಸಲಿಟ್ಟ ಭೂಮಿ. ಶಿವಕುಮಾರ ಸ್ವಾಮೀಜಿಯವರ ಹುಟ್ಟೂರು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 111 ಅಡಿ ಪ್ರತಿಮೆಗೆ 2019ರಲ್ಲಿ ಶಂಕುಸ್ಥಾಪನೆಯಾದದ್ದು ಈ ದಾರಿಯಲ್ಲಿ. ಎರಡು, ಆದೇಶದ ಒಳಗೇ ಇರುವ ಒಂದು ಸಂದು. ಬೀದಿದೀಪ, ಹೈಮಾಸ್ಟ್ ದೀಪ, ವಿದ್ಯುತ್, ಸಂಚಾರ, ಟೋಲ್, ರಸ್ತೆಗಳ ಅಭಿವೃದ್ಧಿ ಮತ್ತು ಸೌಂದರ್ಯೀಕರಣದ ಕಾಮಗಾರಿಗಳಿಗೆ ಆದೇಶ ಅನ್ವಯಿಸುವುದಿಲ್ಲ. ಕೋರ್ಟ್ ದೀಪದ ಕಂಬ, ಹೂಗಿಡದ ಬಗ್ಗೆ ಯೋಚಿಸಿ ಬರೆದದ್ದು. ಆದರೆ ವೃತ್ತ ಅಭಿವೃದ್ಧಿ ಎಂಬ ಹೆಸರಿನಲ್ಲಿ ಕಾರಂಜಿ, ಹುಲ್ಲುಹಾಸು, ನಡುವೆ ಒಂದು ಖಾಲಿ ಪೀಠ ಬಂದರೆ ಆ ಪೀಠ ಯಾರಿಗಾಗಿ ಕಾಯುತ್ತಿದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ. ಮೂರನೆಯದು ಹೇಳಬೇಕಿಲ್ಲ: ಶನಿವಾರ ರಾತ್ರಿ ನಿಲ್ಲಿಸಿಬಿಡುವುದು, ಸೋಮವಾರ ಕಚೇರಿ ತೆರೆಯುವಷ್ಟರಲ್ಲಿ ಹಾರ ಬಿದ್ದಿರುತ್ತದೆ, ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ.

ಮೊದಲು ಬಂದವರಿಗೆ ವೃತ್ತ

ಆದೇಶದ ಪರವಾಗಿ ಹೇಳುವವರ ಮಾತು ಬೇಗ ಅರ್ಥವಾಗುತ್ತದೆ. ವೃತ್ತ ಇರುವುದು ವಾಹನ ತಿರುಗಲಿಕ್ಕೆ. ತುಮಕೂರಿನ ಬಿ.ಎಚ್. ರಸ್ತೆಯಂಥ ಕಡೆ ಒಂದೊಂದು ಅಡಿಗೂ ಬೆಲೆಯಿದೆ. ನಾಳೆ ರಸ್ತೆ ಅಗಲ ಮಾಡಬೇಕಾದರೆ ಅಂಗಡಿ ಒಡೆಯುವುದು ಸುಲಭ, ಪ್ರತಿಮೆ ಸರಿಸುವುದು ಕಷ್ಟ. ಪೊಲೀಸರಿಗಂತೂ ಪ್ರತಿಮೆ ಎಂದರೆ ವರ್ಷವಿಡೀ ಕಾವಲು. ಯಾರೋ ಕಿಡಿಗೇಡಿ ಸಗಣಿ ಎರಚಿದರೆ ಊರು ಬಂದ್ ಆಗುತ್ತದೆ. ಅದಕ್ಕೇ ಎಷ್ಟೋ ಮಹನೀಯರು ಇಂದು ಕಬ್ಬಿಣದ ಸರಳುಗಳ ಹಿಂದೆ, ಕ್ಯಾಮೆರಾದ ಕಣ್ಣಡಿ ನಿಂತಿದ್ದಾರೆ. ಇದ್ದಾಗ ಜೈಲು ಕಂಡವರೂ ಅವರಲ್ಲಿದ್ದಾರೆ, ಹೋದ ಮೇಲೂ ಸರಳು ತಪ್ಪಲಿಲ್ಲ.

ವಿರೋಧಿಸುವವರ ಮಾತನ್ನು ಬರೀ ಭಾವಾವೇಶ ಎಂದು ತಳ್ಳಿಹಾಕುವುದು ಸಾಮಾನ್ಯ. ಅದು ಸರಿಯಲ್ಲ, ಅವರ ವಾದಕ್ಕೆ ಗಟ್ಟಿ ಆಧಾರವಿದೆ. 2013ರ ಆದೇಶ ಮುಂದಿನ ಪ್ರತಿಮೆಗಳನ್ನು ತಡೆಯಿತು, ಹಿಂದಿನವನ್ನು ತೆಗೆಯಲಿಲ್ಲ. ಅಂದರೆ ಆ ದಿನ ಊರಿನ ನಕ್ಷೆಯಲ್ಲಿ ಯಾರು ಯಾರು ಇದ್ದರೋ ಅವರಷ್ಟೇ ಉಳಿದರು. ಯಾವ ಸಮುದಾಯದ ಕೈಯಲ್ಲಿ ಮೊದಲಿನಿಂದಲೂ ಪುರಸಭೆ, ದುಡ್ಡು, ಸಂಪರ್ಕ ಇತ್ತೋ ಅವರ ಹಿರಿಯರು ಆಗಲೇ ವೃತ್ತದಲ್ಲಿ ನಿಂತಾಗಿತ್ತು. ತಡವಾಗಿ ಓದಿ, ತಡವಾಗಿ ಗೆದ್ದು, ತಡವಾಗಿ ಸದನ ಮುಟ್ಟಿದವರ ಪಾಲಿಗೆ ಬಾಗಿಲು ಮುಚ್ಚಿತು. ನಿಯಮ ಎಲ್ಲರಿಗೂ ಒಂದೇ, ಆದರೆ ಅದು ಜಾರಿಯಾದ ಗಳಿಗೆ ಎಲ್ಲರಿಗೂ ಒಂದೇ ಅಲ್ಲ.

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 30ರಷ್ಟಿದ್ದಾರೆ, ರಾಜ್ಯದಲ್ಲೇ ಇದು ಅತಿ ಹೆಚ್ಚು. ಕೋಲಾರ ಲೋಕಸಭಾ ಕ್ಷೇತ್ರ ಮೀಸಲು ಕ್ಷೇತ್ರ. ಕೆಜಿಎಫ್ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರಂಥವರನ್ನು ಸದನಕ್ಕೆ ಕಳಿಸಿದ ನೆಲ. ಇಂಥ ಕಡೆ ಪ್ರತಿಮೆಯ ಬೇಡಿಕೆ ಎಂದರೆ ಈ ಪೇಟೆ, ಈ ರಸ್ತೆ, ಈ ಚೌಕ ನಮ್ಮದೂ ಹೌದು ಎಂಬ ಹಕ್ಕಿನ ಮಾತು. ಪೇಟೆಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಲು ಬಿಡದ ಕಾಲವನ್ನು ಕಂಡ ಮನೆತನಗಳಿಗೆ, ಅದೇ ಬೀದಿಯ ನಡುವೆ ತಮ್ಮವರು ಕೋಟು ತೊಟ್ಟು ನಿಲ್ಲುವುದು ಸಣ್ಣ ಸಂಗತಿಯಲ್ಲ. ಉತ್ತರ ಪ್ರದೇಶದಲ್ಲಿ ಸರ್ಕಾರಿ ಹಣದಿಂದ ನಿಲ್ಲಿಸಿದ ಪ್ರತಿಮೆಗಳ ಮೊಕದ್ದಮೆಯಲ್ಲಿ 2019ರಲ್ಲಿ ಮಾಯಾವತಿ ಸುಪ್ರೀಂ ಕೋರ್ಟಿಗೆ ಹೇಳಿದ್ದೂ ಇದೇ ಧಾಟಿಯಲ್ಲಿ: ಇವು ಜನರ ಇಚ್ಛೆಯ ಪ್ರತೀಕ. ತಮ್ಮದೇ ಪ್ರತಿಮೆಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡದ್ದು ಆ ವಾದವನ್ನು ದುರ್ಬಲ ಮಾಡಿತು ಎನ್ನುವುದು ಬೇರೆ ಮಾತು.

ಎರಡೂ ಕಡೆಯವರ ವಾದದಲ್ಲಿ ಹುರುಳಿದೆ. ಆದರೆ ಇಬ್ಬರೂ ಗಮನಿಸದ ಒಂದು ಪರಿಣಾಮ ಈ ಹದಿಮೂರು ವರ್ಷಗಳಲ್ಲಿ ಸದ್ದಿಲ್ಲದೆ ಆಗಿದೆ.

ಎಲ್ಲರವರಾಗಿದ್ದವರು ಒಂದು ಸಂಘದವರಾಗುವ ಬಗೆ

ಸಾರ್ವಜನಿಕ ಜಾಗ ಇಲ್ಲ ಎಂದಾಯಿತು. ಸಾರ್ವಜನಿಕ ಹಣವೂ ಸುಲಭವಲ್ಲ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 5 ಕೋಟಿ ರೂಪಾಯಿ ಇದ್ದರೂ ಅದರ ಮಾರ್ಗಸೂಚಿ ಸ್ಮಾರಕ ಕಟ್ಟಡಗಳನ್ನು ನಿಷೇಧಿಸುತ್ತದೆ, ಆ ಹಣದಿಂದಾದ ಆಸ್ತಿಗೆ ವ್ಯಕ್ತಿಯ ಹೆಸರಿಡುವುದನ್ನೂ ನಿಷೇಧಿಸುತ್ತದೆ. ಹಾಗಾದರೆ ಉಳಿದವರು ಯಾರು? ಜಾಗವೂ ಹಣವೂ ಎರಡೂ ಇರುವವರು. ಊರಿನಲ್ಲಿ ಅಂಥವರು ಇಬ್ಬರೇ: ನಾಯಕರ ಕುಟುಂಬ ಮತ್ತು ಅವರ ಜಾತಿಯ ಸಂಘ.

ಕುಟುಂಬ ತೋಟದಲ್ಲಿ ಸಮಾಧಿ ಕಟ್ಟಿಸುತ್ತದೆ. ಸಂಘ ತನ್ನ ಸಮುದಾಯ ಭವನದ ಅಂಗಳದಲ್ಲಿ ಕಂಚಿನ ಪ್ರತಿಮೆ ನಿಲ್ಲಿಸುತ್ತದೆ, ವಿದ್ಯಾರ್ಥಿನಿಲಯಕ್ಕೆ ಹೆಸರಿಡುತ್ತದೆ, ಪುಣ್ಯತಿಥಿಗೆ ಪ್ರತಿಭಾ ಪುರಸ್ಕಾರ ಮಾಡುತ್ತದೆ. ಕೆಲಸ ಒಳ್ಳೆಯದೇ. ಆದರೆ ಇಪ್ಪತ್ತು ವರ್ಷ ಎಲ್ಲ ಜಾತಿಯವರ ಓಟು ಪಡೆದು ಗೆದ್ದು, ಎಲ್ಲರ ಮನೆಯ ಜಗಳ ಬಿಡಿಸಿ, ಎಲ್ಲರ ಮಕ್ಕಳಿಗೂ ಶಿಫಾರಸು ಪತ್ರ ಕೊಟ್ಟ ಮನುಷ್ಯ ಸತ್ತ ಮೇಲೆ ಒಂದು ಸಮುದಾಯದ ಕಾಂಪೌಂಡಿನ ಒಳಗೆ ಸೇರಿಬಿಡುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ 'ನಮ್ಮ ಸಮಾಜದ ಹೆಮ್ಮೆಯ ಪುತ್ರ' ಎಂದು ಅಚ್ಚಾಗುತ್ತದೆ. ಮೂರನೇ ವರ್ಷಕ್ಕೆ ಬೇರೆಯವರು ಬರುವುದು ನಿಲ್ಲುತ್ತದೆ. ಕರೆಯಲಿಲ್ಲ ಎಂದು ಅವರು, ಕರೆಯದಿದ್ದರೂ ಬರಬೇಕಿತ್ತು ಎಂದು ಇವರು.

ಇನ್ನು ಸಂಘವೇ ಬಡವಾಗಿದ್ದರೆ? ನಾಲ್ಕೈದು ಸಾವಿರ ಮನೆಯ ಸಮುದಾಯದಿಂದ ಬಂದು ಗೆದ್ದವರಿದ್ದರೆ? ಅವರಿಗೆ ವೃತ್ತವೂ ಇಲ್ಲ, ಭವನವೂ ಇಲ್ಲ. ರಸ್ತೆಯನ್ನು ಜಾತಿ ರಾಜಕಾರಣದಿಂದ ಮುಕ್ತಗೊಳಿಸಿದ ನಿಯಮವೇ ನೆನಪನ್ನು ಜಾತಿಯ ಕೈಗೆ ಒಪ್ಪಿಸಿತು. ಕೋರ್ಟಿನ ಉದ್ದೇಶ ಇದಾಗಿರಲಿಲ್ಲ, ಆದರೆ ಆದದ್ದು ಇದು. ಪ್ರತಿಮೆ ಬೇಡ ಎನ್ನುವವರು ಸಾರ್ವಜನಿಕವಾಗಿ ಬೇರೆ ಯಾವ ಬಗೆಯಲ್ಲಿ ನೆನೆಯಬಹುದು ಎಂದು ಹೇಳದೆ ಕೈತೊಳೆದುಕೊಂಡರೆ ಆ ಖಾಲಿ ಜಾಗವನ್ನು ಸಂಘಗಳು ತುಂಬುವುದು ಸಹಜ.

ಹೆಸರಿಡುವುದು ಯಾರ ಕೆಲಸ

ಪ್ರತಿಮೆಗೆ ಜಾಗವಿಲ್ಲದಾಗ ಒತ್ತಡವೆಲ್ಲ ಹೆಸರಿನ ಮೇಲೆ ಬೀಳುತ್ತದೆ. ರಸ್ತೆ, ಉದ್ಯಾನ, ಬಡಾವಣೆಯ ಹೆಸರು ಸ್ಥಳೀಯ ಸಂಸ್ಥೆಯ ನಿರ್ಣಯದಿಂದ ಶುರುವಾಗುತ್ತದೆ. ತುಮಕೂರು ಮಹಾನಗರ ಪಾಲಿಕೆಯಂಥದ್ದಕ್ಕೆ 1976ರ ಕಾಯ್ದೆ, ನಗರಸಭೆ ಪುರಸಭೆಗಳಿಗೆ 1964ರ ಕಾಯ್ದೆ. ಸಚಿವರು ವೇದಿಕೆಯಲ್ಲಿ ಹೇಳಿದ್ದು ನಿರ್ಣಯವಲ್ಲ. ವಿಶ್ವವಿದ್ಯಾಲಯದ ಹೆಸರು ಕಾಯ್ದೆಯೊಳಗೇ ಇರುತ್ತದೆ, ಬದಲಿಸಬೇಕಾದರೆ ತಿದ್ದುಪಡಿ ಮಸೂದೆ ಬರಬೇಕು. ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ ಮನಮೋಹನ ಸಿಂಗ್ ಅವರ ಹೆಸರಿಡುವ ತೀರ್ಮಾನವನ್ನು ಸರ್ಕಾರ 2025ರಲ್ಲಿ ಮಾಡಿದಾಗಲೂ ಅದೇ ದಾರಿ ಹಿಡಿಯಬೇಕಾಯಿತು.

ಊರು ಮತ್ತು ರೈಲು ನಿಲ್ದಾಣದ ಹೆಸರಿನ ವಿಷಯ ಇನ್ನೂ ದೂರದ್ದು. ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು, ಕೇಂದ್ರ ಗೃಹ ಸಚಿವಾಲಯ ನಿರಾಕ್ಷೇಪಣೆ ಕೊಡಬೇಕು, ಅದಕ್ಕೂ ಮೊದಲು ರೈಲ್ವೆ, ಅಂಚೆ, ಸರ್ವೇ ಇಲಾಖೆಗಳ ಅಭಿಪ್ರಾಯ ಬೇಕು. ಈ ವಿಷಯದಲ್ಲಿ ಗೃಹ ಸಚಿವಾಲಯ ಇಂದಿಗೂ ತಿರುವಿ ನೋಡುವುದು 1953ರ ಸೆಪ್ಟೆಂಬರಿನ ಒಂದು ಪತ್ರವನ್ನು. ನಾಯಕರಿಗೆ ಗೌರವ ತೋರಿಸಲೆಂದೋ, ಭಾಷೆಯ ವಿಷಯದಲ್ಲಿ ಸ್ಥಳೀಯ ಭಾವನೆ ತಣಿಸಲೆಂದೋ ಊರುಗಳ ಹೆಸರು ಬದಲಿಸಬಾರದು ಎಂದು ಆ ಪತ್ರ ಹೇಳುತ್ತದೆ. ಎಷ್ಟು ಸಲ ಅದನ್ನು ಪಕ್ಕಕ್ಕಿಟ್ಟಿದ್ದಾರೆ ಎಂಬುದು ದೇಶದ ನಕ್ಷೆ ನೋಡಿದವರಿಗೆ ಗೊತ್ತು. ಆದರೂ ಕಾಲ ಹಿಡಿಯುತ್ತದೆ. 2006ರ ಸುವರ್ಣ ಕರ್ನಾಟಕ ವರ್ಷದ ಹೊತ್ತಿಗೆ ಹೊರಟ, ಇಂಗ್ಲಿಷಿನಲ್ಲೂ 'ತುಮಕೂರು' ಎಂದೇ ಬರೆಯಬೇಕು ಎಂಬ ಸರಳ ಬೇಡಿಕೆ ಈಡೇರಿದ್ದು 2014ರ ನವೆಂಬರ್ 1ರಂದು, ಇತರ ಹನ್ನೊಂದು ಊರುಗಳ ಜೊತೆ. ಹೊಸ ಹೆಸರೂ ಅಲ್ಲ, ಬರೀ ಕಾಗುಣಿತ. ತುಮಕೂರು ರೈಲು ನಿಲ್ದಾಣಕ್ಕೆ ಶಿವಕುಮಾರ ಸ್ವಾಮೀಜಿಯವರ ಹೆಸರಿಡುವ ಪ್ರಸ್ತಾವವನ್ನೂ, 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬಾಗೇಪಲ್ಲಿಯನ್ನು ಭಾಗ್ಯನಗರ ಎಂದು ಕರೆಯಲು ಮಾಡಿದ ತೀರ್ಮಾನವನ್ನೂ ಈ ಹಿನ್ನೆಲೆಯಲ್ಲೇ ಓದಬೇಕು.

ಹೆಸರಿಟ್ಟರೆ ನೆನಪು ಉಳಿಯುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಕೋಲಾರದ ಜಿಲ್ಲಾ ಆಸ್ಪತ್ರೆಯನ್ನು ಜನ ಎಸ್‌ಎನ್‌ಆರ್ ಎನ್ನುತ್ತಾರೆ. ಅದರೊಳಗೆ ನರಸಿಂಹರಾಜ ಎಂಬ ಹೆಸರಿದೆ ಎಂದು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ ಎಷ್ಟು ಮಂದಿಗೆ ಗೊತ್ತು? ಕೋಲಾರದಲ್ಲೂ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ, ಚಿಕ್ಕಬಳ್ಳಾಪುರದಲ್ಲೂ ಇದೆ. 2007ರಲ್ಲಿ ಜಿಲ್ಲೆ ಒಡೆದಾಗ ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಾಲಿಗೆ ಹೋಯಿತು, ಸರ್‌ ಎಂ.ವಿ. ಇಬ್ಬರಿಗೂ ಉಳಿದರು.

ಕ್ಷೇತ್ರವೇ ಸ್ಮಾರಕವಾದಾಗ

ಹಾಲಿ ಶಾಸಕರು ತೀರಿಕೊಂಡರೆ ಗೌರವದ ಮಾತಿಗೆ ಗಡಿಯಾರ ಕಟ್ಟಿದಂತಾಗುತ್ತದೆ. ಜನತಾ ಪ್ರಾತಿನಿಧ್ಯ ಕಾಯ್ದೆಯಂತೆ, ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬೇರೆ ಮಾತು, ಇಲ್ಲವಾದರೆ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಚುನಾವಣೆ ಘೋಷಣೆಯಾದ ಕೂಡಲೇ ನೀತಿ ಸಂಹಿತೆ ಬರುತ್ತದೆ, ಹೊಸ ಯೋಜನೆ ಘೋಷಿಸುವಂತಿಲ್ಲ. ಹಾಗಾಗಿ ಸಾವಿಗೂ ಚುನಾವಣೆ ಘೋಷಣೆಗೂ ನಡುವಿನ ಸಣ್ಣ ಅವಧಿಯಲ್ಲೇ ಎಲ್ಲ ಘೋಷಣೆಗಳೂ ಮುಗಿದುಬಿಡಬೇಕು. ನುಡಿನಮನದ ವೇದಿಕೆ ಭರವಸೆಗಳಿಂದ ತುಂಬಿ ತುಳುಕುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಬಗೆಯ ಗೌರವವೂ ಆಗ ಬೇಡಿಕೆಯಾಗುತ್ತದೆ: ಟಿಕೆಟು. ಹೆಂಡತಿಗೋ ಮಗನಿಗೋ ಕೊಡುವುದೇ ಅಗಲಿದವರಿಗೆ ಸಲ್ಲಿಸುವ ನಿಜವಾದ ಶ್ರದ್ಧಾಂಜಲಿ ಎಂಬ ಮಾತು. 2003ರಲ್ಲಿ ಸಿ. ಬೈರೇಗೌಡರು ತೀರಿಕೊಂಡಾಗ ಅಮೆರಿಕದಲ್ಲಿದ್ದ ಮಗ ಕೃಷ್ಣ ಬೈರೇಗೌಡ ಬಂದು ವೇಮಗಲ್ ಉಪಚುನಾವಣೆಯಲ್ಲಿ ಗೆದ್ದರು. 2020ರ ಆಗಸ್ಟ್ 4ರಂದು ಶಿರಾದ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡಾಗ ಜೆಡಿಎಸ್ ಅವರ ಪತ್ನಿ ಅಮ್ಮಾಜಮ್ಮ ಅವರನ್ನು ನಿಲ್ಲಿಸಿತು. ನವೆಂಬರ್ 3ರಂದು ಮತದಾನವಾದಾಗ ಅವರು ಮೂರನೇ ಸ್ಥಾನಕ್ಕೆ ಹೋದರು, ಬಿಜೆಪಿ ಮೊದಲ ಸಲ ಶಿರಾ ಗೆದ್ದಿತು. ಪ್ರಚಾರದಲ್ಲಿ ಸದ್ದು ಮಾಡಿದ್ದು ಅನುಕಂಪವಲ್ಲ, ಆರು ತಿಂಗಳಲ್ಲಿ ಮದಲೂರು ಕೆರೆ ತುಂಬಿಸುತ್ತೇನೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪ ಕೊಟ್ಟ ಮಾತು. ಬಯಲುಸೀಮೆಯ ಮತದಾರ ಅಗಲಿದವರಿಗೆ ಕೈಮುಗಿಯುತ್ತಾನೆ, ಆಮೇಲೆ ನೀರಿನ ವಿಷಯ ಕೇಳುತ್ತಾನೆ.

ಅಂದಹಾಗೆ ವೇಮಗಲ್ ಕ್ಷೇತ್ರ ಈಗಿಲ್ಲ. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಕರಗಿಹೋಯಿತು. ಮಗ ಬ್ಯಾಟರಾಯನಪುರಕ್ಕೆ ಹೋಗಿ ಗೆದ್ದರು.

ಕ್ಯಾಸಂಬಳ್ಳಿಯಿಂದ ಟಮಕದವರೆಗೆ

ಹಾಗಾದರೆ ಉಳಿದದ್ದು ಯಾವುದು? ಇದನ್ನು ನೋಡಲು ಕೋಲಾರಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಮೈಸೂರು ಸಂಸ್ಥಾನದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಇದೇ ಜಿಲ್ಲೆಯ ಕ್ಯಾಸಂಬಳ್ಳಿಯವರು. ಮೈಸೂರು ಚಲೋ ಚಳವಳಿಯ ಮುಂದಾಳಾಗಿದ್ದು, 1947ರ ಅಕ್ಟೋಬರ್ 25ರಂದು ಅಧಿಕಾರ ಹಿಡಿದು 1952ರವರೆಗೆ ಇದ್ದರು. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು, ರೆಡ್ಡಿಯವರ ಕಾಲದಲ್ಲಿ. ಆದರೆ ಆ ಕಟ್ಟಡದ ನಕ್ಷೆ ಬದಲಿಸಿ, ಹಟ ಹಿಡಿದು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರೇ ಅದಕ್ಕೆ ಅಂಟಿತು. ನ್ಯಾಯವೂ ಹೌದು. ಆದರೆ ಮೊದಲಿಗರು ಪಕ್ಕಕ್ಕೆ ಸರಿದದ್ದೂ ನಿಜ. ಇಂದು ಕೋಲಾರದ ಹುಡುಗನಿಗೆ 'ಕೆ.ಸಿ.' ಎಂದರೆ ನೆನಪಾಗುವುದು ಕೆ.ಸಿ. ವ್ಯಾಲಿ ನೀರು. ಆ ಕೆ.ಸಿ.ಗೂ ರೆಡ್ಡಿಯವರಿಗೂ ಸಂಬಂಧವಿಲ್ಲ. ಅದು ಕೋರಮಂಗಲ-ಚಲ್ಲಘಟ್ಟ ಕಣಿವೆ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ. ನಾಡಿನ ಮೊದಲ ಮುಖ್ಯಮಂತ್ರಿಯ ಇನಿಷಿಯಲ್ಲು ಅವರ ತವರಿನಲ್ಲೇ ಕೊಳಚೆ ನೀರಿನ ಹೆಸರಾಗಿ ಕೇಳಿಸುತ್ತದೆ.

ರೆಡ್ಡಿಯವರ ಜೊತೆಗೆ ಮೈಸೂರಿನಿಂದ ಸಂವಿಧಾನ ರಚನಾ ಸಭೆಗೆ ಹೋದವರಲ್ಲಿ ಟಿ. ಚನ್ನಯ್ಯ ಒಬ್ಬರು. ಅವರ ಹೆಸರು ಕೋಲಾರದ ರಂಗಮಂದಿರಕ್ಕಿದೆ. ನಾಟಕ, ಜಯಂತಿ, ರೈತಸಂಘದ ಸಮಾವೇಶ, ದಲಿತ ಸಂಘಟನೆಗಳ ಸಭೆ, ಸರ್ಕಾರಿ ಕಾರ್ಯಾಗಾರ ಎಲ್ಲಕ್ಕೂ ಅದೇ ಸೂರು. ಯಾವ ಸಂಘದ ಕಾಂಪೌಂಡಿನೊಳಗೂ ಅವರಿಲ್ಲ. ಕರಪತ್ರ ಅಚ್ಚು ಹಾಕಿಸುವ ಯಾರೇ ಆಗಲಿ 'ಸ್ಥಳ' ಎಂಬ ಪದದ ಮುಂದೆ ಅವರ ಹೆಸರು ಬರೆಯಲೇಬೇಕು. ಸಂವಿಧಾನ ಬರೆದ ಸಭೆಯಲ್ಲಿ ಕೂತಿದ್ದವರು ಎಂಬ ವಿವರ ಒಳಗೆ ಬರುವವರಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ಬಾಗಿಲ ಬಳಿ ಒಂದು ಪುಟದ ಪರಿಚಯ ಹಾಕಲು ಯಾವ ಕೋರ್ಟಿನ ಅಡ್ಡಿಯೂ ಇಲ್ಲ.

ಇನ್ನು ಕೋಲಾರದ ಹೊರವಲಯದ ಟಮಕಕ್ಕೆ ಬಂದರೆ ಬೇರೆಯೇ ನೋಟ. ಚಿಕ್ಕಬಳ್ಳಾಪುರದ ಸಂಸದರಾಗಿ, ಕೇಂದ್ರದಲ್ಲಿ ಜವಳಿ ಸಚಿವರಾಗಿದ್ದ ಆರ್.ಎಲ್. ಜಾಲಪ್ಪ ಹಿಂದುಳಿದ ವರ್ಗಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಸಂಸ್ಥೆಗೆ ತಮ್ಮ ಹೆಸರಿಡಲಿಲ್ಲ, ದೇವರಾಜ ಅರಸು ಅವರ ಹೆಸರಿಟ್ಟರು. ಅರಸು ತೀರಿಕೊಂಡದ್ದು 1982ರಲ್ಲಿ, ವೈದ್ಯಕೀಯ ಕಾಲೇಜು ಶುರುವಾದದ್ದು 1986ರಲ್ಲಿ. ಒಬ್ಬ ಜನಪ್ರತಿನಿಧಿ ಇನ್ನೊಬ್ಬ ಜನಪ್ರತಿನಿಧಿಗೆ, ಅದೂ ತನ್ನ ಜಾತಿಯವರಲ್ಲದ ಒಬ್ಬರಿಗೆ, ಸಲ್ಲಿಸಿದ ಗೌರವ ಇದು. ಕಾಲೇಜಿನ ಆಸ್ಪತ್ರೆಗೆ ಜಾಲಪ್ಪನವರ ಹೆಸರಿದೆ. 2021ರ ಡಿಸೆಂಬರ್ 17ರಂದು ಅವರು ಕೊನೆಯುಸಿರೆಳೆದದ್ದೂ ಅದೇ ಆಸ್ಪತ್ರೆಯಲ್ಲಿ. ಸುತ್ತಲಿನ ಹಳ್ಳಿಯವರು 'ಜಾಲಪ್ಪಕ್ಕೆ ತೋರಿಸಿಕೊಂಡು ಬಂದೆ' ಎನ್ನುವಾಗ ಅದು ರಾಜಕಾರಣಿಯ ಹೆಸರಲ್ಲ, ಒಂದು ಚಿಕಿತ್ಸೆಯ ಹೆಸರು. ಖಾಸಗಿ ಟ್ರಸ್ಟ್ ಆದ್ದರಿಂದ ಶುಲ್ಕ, ಸೀಟು, ಬಿಲ್ಲಿನ ಬಗ್ಗೆ ಜನ ಆಡಿಕೊಳ್ಳುವುದೂ ಆ ಹೆಸರಿನ ಜೊತೆಗೇ ಬರುತ್ತದೆ. ಕೆಲಸ ಮಾಡುವ ಸಂಸ್ಥೆಗೆ ಹೆಸರಾದವರು ಬೈಗುಳಕ್ಕೂ ಸಿದ್ಧರಿರಬೇಕು. ಪ್ರತಿಮೆಗೆ ಆ ತೊಂದರೆಯಿಲ್ಲ.

ಹಾಲಿನ ವಿಷಯದಲ್ಲಿ ಎಂ.ವಿ. ಕೃಷ್ಣಪ್ಪನವರನ್ನು ಇಲ್ಲಿಯ ರೈತರು ಹೀಗೆಯೇ ನೆನೆಯುತ್ತಾರೆ. ಕೇಂದ್ರದಲ್ಲಿ ಕೃಷಿ ಉಪಮಂತ್ರಿಯಾಗಿದ್ದವರು, ಸೀಮೆಹಸು ಮತ್ತು ಡೇರಿಯ ಜೊತೆ ಅವರ ಹೆಸರು ಬೆಸೆದುಕೊಂಡಿದೆ, ಹಾಲು ಒಕ್ಕೂಟ ತನ್ನ ಹೊಸ ಡೇರಿ ಯೋಜನೆಗೂ ಎಂವಿಕೆ ಎಂಬ ಹೆಸರನ್ನೇ ಆರಿಸಿಕೊಂಡಿತು. ಶಾಸಕರಲ್ಲದ ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರದ್ದು ಇನ್ನೂ ವಿಚಿತ್ರ. ಅವರ ಹೆಸರು ಇರುವುದು ಜಾರಿಯಾಗದ ಒಂದು ವರದಿಯಲ್ಲಿ. ಬಯಲುಸೀಮೆಯ ಯಾವ ನೀರಾವರಿ ಹೋರಾಟದಲ್ಲೂ ಆ ಹೆಸರು ಘೋಷಣೆಯಾಗಿ ಕೂಗಿಬರುತ್ತದೆ.

ಮುಂದೆ ಏನಾಗಬಹುದು

ವೃತ್ತಗಳ ಮೇಲಿನ ಒತ್ತಡ ಕಡಿಮೆಯಾಗುವ ಲಕ್ಷಣವಿಲ್ಲ. ಬಹುಶಃ ಸರ್ಕಾರಿ ಕಚೇರಿಗಳ ಆವರಣ, ಕೆರೆ ಏರಿಯ ಉದ್ಯಾನ, ಬಸ್ ನಿಲ್ದಾಣದ ಒಳಾಂಗಣ ಮುಂದಿನ ಗುರಿಗಳಾಗುತ್ತವೆ. ಆದೇಶದಲ್ಲಿರುವ 'ಸಾರ್ವಜನಿಕ ಉಪಯೋಗದ ಜಾಗ' ಎಂಬ ಮಾತಿನ ವ್ಯಾಪ್ತಿ ಎಷ್ಟು ಎಂಬ ವ್ಯಾಜ್ಯಗಳು ಹೈಕೋರ್ಟಿಗೆ ಹೋಗುತ್ತಲೇ ಇರುತ್ತವೆ. ವೃತ್ತ ಸೌಂದರ್ಯೀಕರಣದ ಸಂದನ್ನು ಎಷ್ಟು ಹಿಗ್ಗಿಸುತ್ತಾರೋ ಅಷ್ಟು ಬೇಗ ಯಾರಾದರೂ ಅದನ್ನು ಪ್ರಶ್ನಿಸಿ, ಆ ಸಂದೂ ಮುಚ್ಚಿಹೋಗಬಹುದು.

ಸ್ಥಳೀಯ ಸಂಸ್ಥೆಗಳಲ್ಲಿ ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯೇ ಎಲ್ಲವನ್ನೂ ನೋಡಿಕೊಳ್ಳಬೇಕು. ಒಬ್ಬರ ಹೆಸರು ಒಪ್ಪಿದರೆ ಇನ್ನೂ ನಾಲ್ಕು ಮನವಿ ಬರುತ್ತವೆ ಎಂದು ಗೊತ್ತಿರುವ ಅಧಿಕಾರಿ ಯಾವುದನ್ನೂ ಮುಟ್ಟದೆ ಕಡತ ಬಾಕಿ ಇಡುತ್ತಾರೆ. ಹೊಸ ಮಂಡಳಿ ಬಂದ ಮೊದಲ ಸಭೆಯಲ್ಲಿ ಎಲ್ಲ ಒಟ್ಟಿಗೆ ಸಿಡಿಯುತ್ತದೆ. ಕುಡಿಯುವ ನೀರು, ಕಸ, ಒಳಚರಂಡಿ ವಿಷಯ ಬರುವ ಹೊತ್ತಿಗೆ ಊಟದ ವೇಳೆಯಾಗಿರುತ್ತದೆ.

ಪ್ರತಿಮೆ ಮಾಡಲು ಮುಂಗಡ ಕೊಟ್ಟ ಸಮಿತಿಗಳ ಪಾಡು ಇದೆಲ್ಲಕ್ಕಿಂತ ಬೇರೆ. ಕಂಚು ಎರಕವಾಗಿರುತ್ತದೆ, ಜಾಗ ಸಿಕ್ಕಿರುವುದಿಲ್ಲ. ಹಾಗೆ ಉಳಿದ ಪ್ರತಿಮೆ ಯಾರದೋ ಅಕ್ಕಿ ಗಿರಣಿಯ ಮೂಲೆಯಲ್ಲೋ ಭವನದ ಹಿಂದಿನ ಸ್ಟೋರ್ ರೂಮಿನಲ್ಲೋ ಟಾರ್ಪಾಲು ಹೊದ್ದು, ಹಗ್ಗ ಬಿಗಿಸಿಕೊಂಡು ನಿಂತಿರುತ್ತದೆ. ಪುಣ್ಯತಿಥಿಯ ದಿನ ಟಾರ್ಪಾಲು ಬಿಚ್ಚಿ ಹಾರ ಹಾಕುತ್ತಾರೆ, ಸಂಜೆ ಮತ್ತೆ ಹೊದಿಸುತ್ತಾರೆ.